ಫಾರ್ಮ್ಯಾಟ್ ಮಾಡಿದರೂ ಬಿಡದ ಹ್ಯಾಂಗ್: ಮೊದಲು ನೋಡಬೇಕಾದ್ದು ಮದರ್‌ಬೋರ್ಡ್ ಅಲ್ಲ

ಪ್ರಶ್ನೆ: ನಮ್ಮದು ಚಿಕ್ಕ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಏಳು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದೆ. ವಿಂಡೋಸ್ 10, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಆನ್ ಮಾಡಿದರೆ ವಿಂಡೋಸ್ ಗುರುತು ಬರುತ್ತದೆ, ಕೆಳಗೆ ಚುಕ್ಕೆಗಳು ತಿರುಗುತ್ತವೆ, ಅಲ್ಲೇ ನಿಂತುಬಿಡುತ್ತದೆ. ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಕೆಲವು ದಿನ ಎರಡನೇ ಸಲಕ್ಕೆ ಬರುತ್ತದೆ, ಕೆಲವು ದಿನ ಐದನೇ ಸಲಕ್ಕೆ. ಒಮ್ಮೆ ಬಂದರೆ ಸಂಜೆವರೆಗೆ ತೊಂದರೆ ಇಲ್ಲ, ಸ್ವಲ್ಪ ನಿಧಾನ ಅಷ್ಟೇ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆವು. ಎರಡೂ ಸಲ ಮೂರು ವಾರ ಚೆನ್ನಾಗಿತ್ತು, ಆಮೇಲೆ ಅದೇ ಕಥೆ. ಈಗ ಸರ್ವೀಸ್‌ನವರು ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಬೇಕು ಎನ್ನುತ್ತಾರೆ. ಬದಲಾಯಿಸಬೇಕಾ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದಿರುವುದನ್ನು ನೋಡಿದರೆ ನನ್ನ ಅನುಮಾನ ಮದರ್‌ಬೋರ್ಡ್ ಮೇಲೆ ಇಲ್ಲ, ಹಾರ್ಡ್ ಡಿಸ್ಕ್ ಮೇಲೆ ಇದೆ. ಹಾಗಂತ ನನ್ನ ಮಾತು ನಂಬಿ ಡಿಸ್ಕನ್ನೂ ಬದಲಾಯಿಸಬೇಡಿ. ಖಾತ್ರಿ ಮಾಡಿಕೊಳ್ಳುವುದಕ್ಕೆ ಕೆಲವು ಬೆಳಿಗ್ಗೆ ಸಾಕು, ಖರ್ಚು ಏನೂ ಇಲ್ಲ. ಹೇಗೆ ಅಂತ ಹೇಳುತ್ತೇನೆ.

ಆದರೆ ಅದಕ್ಕೂ ಮೊದಲು ಒಂದು ಕೆಲಸ. ಇವತ್ತು ಕಂಪ್ಯೂಟರ್ ಹೇಗೋ ಆನ್ ಆಗಿದೆ ಅಂದುಕೊಳ್ಳಿ. ಸಂಜೆ ಅದನ್ನು ಆಫ್ ಮಾಡುವ ಮೊದಲು ಬೇಕಾದ ಫೈಲುಗಳನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ಮೊದಲು ಮತ್ತೆ ಟೈಪ್ ಮಾಡಲು ಆಗದಂಥವು: ನುಡಿ ಸಾಫ್ಟ್‌ವೇರಿನಲ್ಲಿ ಮಾಡಿದ ಪುಸ್ತಕದ ಕೆಲಸ, ಲಗ್ನಪತ್ರಿಕೆಯ ಡಿಸೈನುಗಳು, ಅಂಗಡಿಯ ಲೆಕ್ಕ. ಆಮೇಲೆ ಫೋಟೊಗಳು. ಸಿನಿಮಾ ಇದ್ದರೆ ಕೊನೆಗೆ, ಅಥವಾ ಬಿಟ್ಟುಬಿಡಿ. ಕಾಪಿ ಆಗುವಾಗ ಒಂದು ಫೋಲ್ಡರ್ ಹತ್ತಿರ ವೇಗ ಸೊನ್ನೆಗೆ ಇಳಿದು ನಿಂತರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಯಾವ ಫೋಲ್ಡರ್ ಅಂತ ಚೀಟಿಯಲ್ಲಿ ಬರೆದಿಡಿ. ಅದು ನಿಮಗೆ ಸಿಕ್ಕ ಮೊದಲ ಸಾಕ್ಷಿ ಕೂಡ.

ಈಗ ವಿಷಯಕ್ಕೆ ಬರೋಣ. ಕಂಪ್ಯೂಟರ್ ಆನ್ ಆಗುವುದು ಒಂದೇ ಕೆಲಸವಲ್ಲ, ರಿಲೇ ಓಟದ ಹಾಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಕೆಲಸ. ಬಟನ್ ಒತ್ತಿದ ಕೂಡಲೇ ಬೋರ್ಡಿನ ಮೇಲಿರುವ ಬಯಾಸ್ ಎಂಬ ಪ್ರೋಗ್ರಾಂ ಎದ್ದು ರ‍್ಯಾಮ್ ಇದೆಯಾ, ಕೀಬೋರ್ಡ್ ಇದೆಯಾ, ಡಿಸ್ಕ್ ಇದೆಯಾ ಅಂತ ಹಾಜರಿ ತೆಗೆದುಕೊಳ್ಳುತ್ತದೆ. ಬೋರ್ಡ್ ಕಂಪನಿಯ ಗುರುತು ಕಾಣುವುದು ಆಗ. ಆಮೇಲೆ ಡಿಸ್ಕಿನಿಂದ ಚಿಕ್ಕದೊಂದು ಬೂಟ್ ಪ್ರೋಗ್ರಾಂ ಓದಿ ಅದರ ಕೈಗೆ ಕೋಲು ಕೊಡುತ್ತದೆ. ಅದು ವಿಂಡೋಸಿನ ತಿರುಳಾದ ಕರ್ನಲನ್ನೂ, ಒಂದೊಂದು ಯಂತ್ರಭಾಗವನ್ನು ನಡೆಸುವ ಡ್ರೈವರ್‌ಗಳನ್ನೂ ತರುತ್ತದೆ. ಚುಕ್ಕೆಗಳು ತಿರುಗುವುದು ಈ ಹೊತ್ತಿನಲ್ಲಿ. ಕೊನೆಗೆ ಪಾಸ್‌ವರ್ಡ್ ಕೇಳುತ್ತದೆ, ಡೆಸ್ಕ್‌ಟಾಪ್ ಬರುತ್ತದೆ. ‘ಯಾಕೆ ಹ್ಯಾಂಗ್ ಆಗುತ್ತಿದೆ’ ಅಂತ ಕೇಳಿದರೆ ನೂರು ಉತ್ತರ ಇವೆ. ‘ಎಲ್ಲಿ’ ಅಂತ ಕೇಳಿದರೆ ನಾಲ್ಕೈದು ಮಾತ್ರ ಉಳಿಯುತ್ತವೆ.

ನಿಮ್ಮದು ಚುಕ್ಕೆ ತಿರುಗುವಲ್ಲಿ ನಿಲ್ಲುತ್ತದೆ. ಅಂದರೆ ಬಯಾಸ್ ಹಾಜರಿ ತೆಗೆದುಕೊಂಡಾಗಿದೆ, ಬೋರ್ಡ್ ತನ್ನ ಪಾಲಿನ ಓಟ ಮುಗಿಸಿ ಕೋಲನ್ನು ಮುಂದಕ್ಕೆ ಕೊಟ್ಟಿದೆ. ಬೋರ್ಡೇ ಕೆಟ್ಟಿದ್ದರೆ ಬೆಳಿಗ್ಗೆ ಐದು ಸಲ ಸತಾಯಿಸಿ ಆಮೇಲೆ ಸಂಜೆವರೆಗೆ ಪ್ರಿಂಟ್ ಕೊಡುತ್ತಾ ಕೂರುವುದು ಅಪರೂಪ. ಆಗುವುದೇ ಇಲ್ಲ ಅನ್ನಲಾರೆ. ಆದರೆ ಮೊದಲ ಅನುಮಾನ ಅಲ್ಲಿಗೆ ಹೋಗಬಾರದು.

ಫಾರ್ಮ್ಯಾಟ್ ಮಾಡಿದ ಮೇಲೆ ಮೂರು ವಾರ ಸರಿಯಿತ್ತು ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಸಾಲು ಅದು. ವಿಂಡೋಸ್ ಮಾತ್ರ ಕೆಟ್ಟಿದ್ದರೆ ಹೊಸದು ಹಾಕಿದ ಮೇಲೆ ವಾಸಿಯಾಗಬೇಕಿತ್ತು. ಬೋರ್ಡ್ ಕೆಟ್ಟಿದ್ದರೆ ಮೂರು ದಿನವೂ ಸುಧಾರಿಸಬೇಕಾಗಿರಲಿಲ್ಲ. ಸುಧಾರಿಸಿ ಮತ್ತೆ ಮಲಗುವುದು ಡಿಸ್ಕಿನ ಲಕ್ಷಣ. ಯಾಕೆ ಅಂದರೆ, ಹಾರ್ಡ್ ಡಿಸ್ಕಿನ ಒಳಗಿನ ತಟ್ಟೆಯನ್ನು ಚಿಕ್ಕ ಚಿಕ್ಕ ಮನೆಗಳಾಗಿ ಹಂಚಿರುತ್ತಾರೆ, ಅವನ್ನು ಸೆಕ್ಟರ್ ಅನ್ನುತ್ತೇವೆ. ಅವುಗಳಲ್ಲಿ ಕೆಲವು ದುರ್ಬಲವಾದಾಗ ಓದುವುದಕ್ಕೆ ಹೋದರೆ ಉತ್ತರ ಬರುವುದಿಲ್ಲ. ಬರೆಯುವುದಕ್ಕೆ ಹೋದರೆ ಮಾತ್ರ, ‘ಈ ಜಾಗ ಸರಿಯಿಲ್ಲ’ ಅಂತ ಡಿಸ್ಕ್ ತಾನೇ ಗೊತ್ತು ಮಾಡಿಕೊಂಡು ಬದಲಿಗೆ ಇಟ್ಟಿರುವ ಹೆಚ್ಚುವರಿ ಸೆಕ್ಟರಿಗೆ ಬರೆಯುತ್ತದೆ. ಹೊಸ ವಿಂಡೋಸ್ ಹಾಕಿದಾಗ ಆಗಿದ್ದು ಇದೇ. ಹಾಳಾದ ಕೆಲವು ಜಾಗಗಳು ಬದಲಾದವು, ಕೆಲವು ಫೈಲುಗಳು ಒಳ್ಳೆಯ ಜಾಗಕ್ಕೆ ಹೋಗಿ ಕೂತವು. ಅಂಗಡಿಗಳಲ್ಲಿ ಮಾಡುವ ಕ್ವಿಕ್ ಫಾರ್ಮ್ಯಾಟ್ ಡಿಸ್ಕಿನ ಆರೋಗ್ಯ ನೋಡುವುದೇ ಇಲ್ಲ, ಹಳೆಯ ಪಟ್ಟಿ ಅಳಿಸಿ ಹೊಸ ಪಟ್ಟಿ ಬರೆಯುತ್ತದೆ ಅಷ್ಟೇ. ಮೂರು ವಾರದಲ್ಲಿ ಇನ್ನಷ್ಟು ಸೆಕ್ಟರುಗಳು ಸೊರಗಿದವು, ನೀವು ಮತ್ತೆ ಶುರುವಿನಲ್ಲೇ ನಿಂತಿರಿ.

ಇನ್ನು ‘ಹ್ಯಾಂಗ್’ ಅನ್ನುವ ಮಾತು. ಹೆಚ್ಚಿನ ಸಲ ಅದು ಹ್ಯಾಂಗ್ ಅಲ್ಲ, ಕಾಯುವಿಕೆ. ಒಂದು ಸೆಕ್ಟರ್ ಓದಲು ಬಾರದಿದ್ದರೆ ಡಿಸ್ಕ್ ಕೂಡಲೇ ಸೋಲು ಒಪ್ಪುವುದಿಲ್ಲ. ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ವಿಂಡೋಸ್ ಕೂಡ ಸುಮ್ನೆ ಕಾಯುತ್ತದೆ, ಆಮೇಲೆ ಡಿಸ್ಕನ್ನು ರೀಸೆಟ್ ಮಾಡಿ ಅದೇ ಜಾಗವನ್ನು ಮತ್ತೆ ಕೇಳುತ್ತದೆ. ಇಂಥ ನಾಲ್ಕಾರು ಸೆಕ್ಟರ್ ಸಾಲಾಗಿ ಸಿಕ್ಕಿದರೆ ಹದಿನೈದು ನಿಮಿಷ ಹೋಯಿತು. ನಾವು ಎರಡು ನಿಮಿಷಕ್ಕೇ ಬಟನ್ ಒತ್ತಿ ಹಿಡಿಯುತ್ತೇವೆ. ಐದನೇ ಸಲ ಅದೇ ಸೆಕ್ಟರ್ ಅದೃಷ್ಟಕ್ಕೆ ಓದಲು ಬಂದಿತು ಅಂದರೆ ಒಳಗೆ ಹೋಗುತ್ತೀರಿ. ಒಮ್ಮೆ ಹೋದ ಮೇಲೆ ಶುರುವಿಗೆ ಬೇಕಾದ ಫೈಲುಗಳು ರ‍್ಯಾಮಿನಲ್ಲಿ ಇರುತ್ತವೆ, ಆ ಕೆಟ್ಟ ಜಾಗಕ್ಕೆ ದಿನವಿಡೀ ಹೋಗಬೇಕಾಗಿಲ್ಲ. ಅದಕ್ಕೇ ಸಂಜೆವರೆಗೆ ಶಾಂತಿ.

ಹಾಗಾಗಿ ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಪರೀಕ್ಷೆ ಏನೆಂದರೆ, ಏನೂ ಮಾಡದಿರುವುದು. ಆನ್ ಮಾಡಿ, ನಿಂತುಹೋದರೆ ಬಟನ್ ಮುಟ್ಟಬೇಡಿ. ಕಾಫಿ ಕುಡಿದು ಬನ್ನಿ, ಅರ್ಧ ಗಂಟೆ ಬಿಡಿ. ಆ ಹೊತ್ತಿನಲ್ಲಿ ಕ್ಯಾಬಿನೆಟ್ ಮುಂದಿನ ಡಿಸ್ಕ್ ದೀಪ ನೋಡಿ. ಬಿಡದೆ ಉರಿಯುತ್ತಿದ್ದರೆ, ಅಥವಾ ಕಿವಿ ಹತ್ತಿರ ಇಟ್ಟಾಗ ಒಂದೇ ತಾಳದಲ್ಲಿ ಟಿಕ್ ಟಿಕ್ ಕೇಳಿಸಿದರೆ, ಎಲ್ಲರೂ ಡಿಸ್ಕಿಗಾಗಿ ಕಾಯುತ್ತಿದ್ದಾರೆ ಅಂತ ಅರ್ಥ. ಇಪ್ಪತ್ತು ನಿಮಿಷಕ್ಕೆ ತಾನಾಗಿಯೇ ಡೆಸ್ಕ್‌ಟಾಪ್ ಬಂದಿತು ಅಂದರೆ ಇನ್ನೂ ಗಟ್ಟಿ ಸಾಕ್ಷಿ. ದೀಪ ಆರಿದೆ, ಚುಕ್ಕೆಗಳೂ ತಿರುಗುವುದು ನಿಲ್ಲಿಸಿವೆ ಅಂದರೆ ಅದು ನಿಜವಾದ ಹ್ಯಾಂಗ್. ಆಗ ರ‍್ಯಾಮ್, ಡ್ರೈವರ್ ಅಂತ ಬೇರೆ ದಾರಿ ಹಿಡಿಯಬೇಕು. ಕ್ಯಾಪ್ಸ್ ಲಾಕ್ ಒತ್ತಿ ದೀಪ ಹತ್ತುತ್ತದಾ ಅಂತ ನೋಡಿ ಅಂತ ಕೆಲವರು ಹೇಳುತ್ತಾರೆ. ಡೆಸ್ಕ್‌ಟಾಪ್ ಬಂದ ಮೇಲೆ ಅದು ಒಳ್ಳೆಯ ಪರೀಕ್ಷೆ. ಚುಕ್ಕೆ ತಿರುಗುವಾಗ ನಂಬಬೇಡಿ, ಕೀಬೋರ್ಡ್ ಡ್ರೈವರ್ ಆಗಿನ್ನೂ ಎದ್ದಿರದೆ ಇರಬಹುದು.

ಎರಡನೆಯದು ಡಿಸ್ಕನ್ನೇ ಕೇಳುವುದು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದರೆ ಆ ಲೆಕ್ಕ ಕಾಣುತ್ತದೆ. ಮೇಲೆ ದೊಡ್ಡದಾಗಿ ‘ಗುಡ್’ ಅಂತ ಬಂತು ಎಂದು ಖುಷಿಪಟ್ಟು ಮುಚ್ಚಬೇಡಿ. ಕೆಳಗಿನ ಪಟ್ಟಿಯಲ್ಲಿ ನಾಲ್ಕು ಸಾಲು ಓದಿ. 05 ಅಂದರೆ ಈವರೆಗೆ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳು. ಸಿ5 ಅಂದರೆ ಓದಲು ಬಾರದೆ, ಏನು ಮಾಡುವುದು ಅಂತ ತೀರ್ಮಾನ ಆಗದೆ ಬಾಕಿ ಉಳಿದವು. ಸಿ6 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿ ಕೈಬಿಟ್ಟವು. ಈ ಮೂರರಲ್ಲಿ ಸಿ5 ನಿಮ್ಮ ರೋಗಕ್ಕೆ ಹತ್ತಿರದ್ದು. ಅಲ್ಲಿ ಸೊನ್ನೆ ಬಿಟ್ಟು ಏನಿದ್ದರೂ ನನಗೆ ಸಾಕು. ಮಾಮೂಲಾಗಿ ಈ ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಅಂದರೆ ಕೊನೆಯಲ್ಲಿ 10 ಅಂತ ಕಂಡರೆ ಅದು ಹತ್ತಲ್ಲ, ಹದಿನಾರು. ಗಾಬರಿ ಬೇಡ, ಫಂಕ್ಷನ್ ಮೆನುವಿನೊಳಗೆ ಅದನ್ನು ಬದಲಾಯಿಸಿಕೊಳ್ಳಬಹುದು.

ನಾಲ್ಕನೇ ಸಾಲು ಸಿ7. ಅದು ಡಿಸ್ಕಿನ ತಪ್ಪಲ್ಲ, ಸಾಮಾನ್ಯವಾಗಿ ಕೇಬಲ್ಲಿನ ತಪ್ಪು. ಡಿಸ್ಕಿಗೂ ಬೋರ್ಡಿಗೂ ನಡುವೆ ಹೋಗುವ ಸಾಟಾ ಕೇಬಲ್ ಸಡಿಲವಾದರೆ ದಾರಿಯಲ್ಲಿ ಮಾತು ಕೆಟ್ಟು ಇದು ಏರುತ್ತದೆ. ಈ ಸಂಖ್ಯೆ ಮತ್ತೆ ಇಳಿಯುವುದಿಲ್ಲ, ಹಾಗಾಗಿ ಹಳೆಯ ಸಂಖ್ಯೆ ನೋಡಿ ಹೆದರಬೇಡಿ. ಇವತ್ತು ಬರೆದಿಟ್ಟು ಒಂದು ವಾರ ಬಿಟ್ಟು ನೋಡಿ. ಏರುತ್ತಿದ್ದರೆ ಕೇಬಲ್ ಬದಲಾಯಿಸಿ, ಬೋರ್ಡಿನಲ್ಲಿ ಬೇರೆ ಪೋರ್ಟಿಗೆ ಚುಚ್ಚಿ. 05, ಸಿ5, ಸಿ6 ಎಲ್ಲ ಸೊನ್ನೆ ಇದ್ದು ಸಿ7 ಮಾತ್ರ ಏರುತ್ತಿದ್ದರೆ ನಿಮ್ಮ ಪುಣ್ಯ, ಒಂದು ಕೇಬಲ್ಲಿನ ಖರ್ಚಿನಲ್ಲಿ ಮುಗಿಯಿತು.

ವಿಂಡೋಸ್ ಕೂಡ ಡೈರಿ ಬರೆಯುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆರೆಯಿರಿ. ಡಿಸ್ಕ್ ಹೆಸರಿನಲ್ಲಿ 7 ಅಥವಾ 153 ಸಂಖ್ಯೆಯ ದೂರುಗಳು, ಇಲ್ಲವೇ 129 ಇದ್ದರೆ ಡಿಸ್ಕ್ ಉತ್ತರ ಕೊಡಲು ತಡವರಿಸಿದೆ ಅಂತಲೇ ಅರ್ಥ. ಕರ್ನಲ್ ಪವರ್ 41 ಅಂತ ಕೆಂಪಗೆ ಕಾಣುವುದು ಮಾತ್ರ ಬೇರೆ. ಅದನ್ನು ನೋಡಿ ಎಸ್‌ಎಂಪಿಎಸ್ (ಕರೆಂಟು ಕೊಡುವ ಡಬ್ಬಿ) ಬದಲಾಯಿಸಿದವರಿದ್ದಾರೆ! ನೀವು ಬಟನ್ ಒತ್ತಿ ಹಿಡಿದು ಆಫ್ ಮಾಡಿದಾಗಲೂ ಅದು ಬೀಳುತ್ತದೆ. ‘ಸರಿಯಾಗಿ ಆಫ್ ಆಗದೆ ಮತ್ತೆ ಶುರುವಾಯಿತು’ ಅನ್ನುವುದಷ್ಟೇ ಅದರ ಹೇಳಿಕೆ, ಕಾರಣ ಅದಕ್ಕೂ ಗೊತ್ತಿಲ್ಲ.

ಮೂರನೆಯ ಪರೀಕ್ಷೆ ಮದರ್‌ಬೋರ್ಡಿನ ವಾದವನ್ನು ನೇರವಾಗಿ ತೂಗುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಉಬುಂಟು ಹಾಕಿಕೊಳ್ಳಿ. ಇದು ವಿಂಡೋಸಿಗೆ ಬದಲಾಗಿ ಬಳಸುವ ಲಿನಕ್ಸ್, ಉಚಿತ, ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ‘ಟ್ರೈ’ ಅಂತ ಆರಿಸಿದರೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ರಾತ್ರಿ ಪೂರ್ತಿ ಆಫ್ ಇದ್ದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೇಬಲ್ ಬಿಚ್ಚಿ, ಬೆಳಿಗ್ಗೆ ಮೊದಲ ಸಲಕ್ಕೆ ಈ ಪೆನ್‌ಡ್ರೈವಿನಿಂದ ಆನ್ ಮಾಡಿ. ಮೂರು ನಾಲ್ಕು ಬೆಳಿಗ್ಗೆ ಹೀಗೆ ತಕರಾರಿಲ್ಲದೆ ಬಂದರೆ ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ಮೂವರೂ ಹೆಚ್ಚುಕಮ್ಮಿ ನಿರಪರಾಧಿಗಳು. ಡಿಸ್ಕ್ ಇಲ್ಲದೆಯೂ ನಿಂತುಹೋದರೆ ನಾನು ಸೋತೆ, ಸರ್ವೀಸ್‌ನವರ ಮಾತಿಗೆ ತೂಕ ಬಂತು. ಸೈಡ್ ಬಾಗಿಲು ತೆಗೆಯುವ ಮೊದಲು ಗೋಡೆಯ ಪ್ಲಗ್ ಕೀಳಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ.

ಈ ಮಧ್ಯೆ ಎರಡು ಚಿಕ್ಕ ಅನುಮಾನ ಬಗೆಹರಿಸಿಕೊಳ್ಳಿ. ಒಂದು, ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, ‘ಶಟ್‌ಡೌನ್’ ಒತ್ತಿದರೆ ಕಂಪ್ಯೂಟರ್ ಪೂರ್ತಿ ಮಲಗುವುದಿಲ್ಲ. ಕರ್ನಲ್ ಇದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಒಂದು ಫೈಲಾಗಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಆ ಫೈಲು ಕೆಟ್ಟ ಜಾಗದಲ್ಲಿ ಕೂತರೆ, ಅಥವಾ ಯಾವುದೋ ಡ್ರೈವರಿಗೆ ಹಾಗೆ ಏಳುವುದು ಒಗ್ಗದಿದ್ದರೆ, ಬೆಳಗಿನ ಮೊದಲ ಸಲ ಮಾತ್ರ ನಿಲ್ಲುತ್ತದೆ. ಒತ್ತಿ ಆಫ್ ಮಾಡಿದ ಮೇಲೆ ಸಾಮಾನ್ಯವಾಗಿ ಆ ಫೈಲು ಬಿಟ್ಟು ಮೊದಲಿಂದ ಶುರು ಮಾಡುತ್ತದೆ, ಹಾಗಾಗಿ ಎರಡನೇ ಸಲ ಸಲೀಸು. ನಿಮ್ಮದು ಯಾವಾಗಲೂ ಎರಡನೇ ಸಲಕ್ಕೇ ಬರುತ್ತಿದ್ದರೆ ನಾನು ಇದನ್ನೇ ಮೊದಲು ಹಿಡಿಯುತ್ತಿದ್ದೆ. ಐದನೇ ಸಲಕ್ಕೆ ಬರುವುದೂ ಇದೆ ಅಂದಿರಿ, ಅದಕ್ಕೆ ಹಿಂದಕ್ಕೆ ಹಾಕಿದೆ. ಆದರೂ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಶನ್ಸಿನಲ್ಲಿ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಕಡೆ, ಅದರ ಟಿಕ್ ತೆಗೆದುಬಿಡಿ. ಇದರಿಂದ ನಷ್ಟ ಏನಿಲ್ಲ.

ಎರಡು, ಯುಎಸ್‌ಬಿಗೆ ಚುಚ್ಚಿರುವ ಸಾಮಾನು. ನಿಮ್ಮಂಥ ಅಂಗಡಿಯಲ್ಲಿ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ಗಿರಾಕಿ ಮರೆತು ಹೋದ ಪೆನ್‌ಡ್ರೈವ್, ಎಲ್ಲವೂ ಹಿಂದೆ ನೇತಾಡುತ್ತಿರುತ್ತವೆ. ಕೀಬೋರ್ಡ್, ಮೌಸ್ ಬಿಟ್ಟು ಎಲ್ಲ ಕಿತ್ತು ಆನ್ ಮಾಡಿ. ನಾನು ಒಂದು ಸಲ ಇಂಥದ್ದೇ ತೊಂದರೆಗೆ ರ‍್ಯಾಮ್ ಬದಲಾಯಿಸಿ, ಬಯಾಸ್ ಸೆಲ್ ಬದಲಾಯಿಸಿ, ಎರಡು ದಿನ ಹಾಳು ಮಾಡಿಕೊಂಡಿದ್ದೆ. ಕೊನೆಗೆ ಗೊತ್ತಾಗಿದ್ದು, ಗೋಡೆ ಕಡೆ ತಿರುಗಿದ್ದ ಪೋರ್ಟಿನಲ್ಲಿ ಕೆಟ್ಟ ಕಾರ್ಡ್ ರೀಡರ್ ಒಂದು ಕೂತಿತ್ತು. ಅದನ್ನು ಚುಚ್ಚಿದ್ದು ನಾನೇ.

ಈಗ ಒಂದು ಎಚ್ಚರಿಕೆ. ‘ಡಿಸ್ಕ್ ಅನುಮಾನ ಇದ್ದರೆ ಚೆಕ್ ಡಿಸ್ಕ್ ಓಡಿಸಿ’ ಅಂತ ಎಲ್ಲರೂ ಹೇಳುತ್ತಾರೆ, ಅದು ವಿಂಡೋಸಿನಲ್ಲೇ ಇರುವ ಡಿಸ್ಕ್ ಪರೀಕ್ಷಿಸುವ ಸಾಧನ. ಫೈಲುಗಳ ಕಾಪಿ ಕೈಗೆ ಬರುವವರೆಗೆ ಅದರ ಹತ್ತಿರ ಹೋಗಬೇಡಿ. ಕೆಟ್ಟ ಸೆಕ್ಟರ್ ಹುಡುಕುವ ಬಗೆಯಲ್ಲಿ ಓಡಿಸಿದರೆ ಅದು ಡಿಸ್ಕಿನ ಪ್ರತಿ ಮೂಲೆಯನ್ನೂ ಓದುತ್ತದೆ. 1 ಟಿಬಿ ಡಿಸ್ಕಿಗೆ ಗಂಟೆಗಟ್ಟಲೆ ಕೆಲಸ. ಕೊನೆಯುಸಿರಿನಲ್ಲಿರುವವರನ್ನು ಬೆಟ್ಟ ಹತ್ತಿಸಿದ ಹಾಗೆ. ಅದರ ಕೆಲಸ ಫೈಲ್ ಪಟ್ಟಿಯನ್ನು ಸರಿಮಾಡುವುದು, ನಿಮ್ಮ ಫೈಲು ಉಳಿಸುವುದಲ್ಲ. ಪಟ್ಟಿಗೆ ಹೊಂದದ್ದನ್ನು ಚೂರು ಮಾಡಿ ಬೇರೆ ಫೋಲ್ಡರಿಗೆ ಹಾಕುತ್ತದೆ. ಇನ್ನೊಂದು ವಿಷಯ: ಬಟನ್ ಒತ್ತಿ ಆಫ್ ಮಾಡುವುದನ್ನು ಎರಡು ಮೂರು ಸಲ ಸಾಲಾಗಿ ಮಾಡಿದರೆ ವಿಂಡೋಸ್ ತಾನೇ ಆಟೊಮ್ಯಾಟಿಕ್ ರಿಪೇರಿಗೆ ಇಳಿಯುತ್ತದೆ. ಆ ರಿಪೇರಿಯೂ ಡಿಸ್ಕನ್ನು ಹೀಗೇ ದಣಿಸಬಹುದು, ಅದಕ್ಕೇ ಅರ್ಧ ಗಂಟೆ ಕಾಯಿರಿ ಅಂದಿದ್ದು.

ಕಾಪಿ ಮಾಡುವಾಗ ತುಂಬಾ ಕಡೆ ನಿಲ್ಲುತ್ತಿದ್ದರೆ ವಿಂಡೋಸಿನಲ್ಲಿ ಗುದ್ದಾಡಬೇಡಿ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅನ್ನುವ ಸಾಧನ ಇದೆ. ಅದರ ಜಾಣತನ ಏನೆಂದರೆ, ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಟ್ಟು, ಕಷ್ಟದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಕೊನೆಗೆ ಇಟ್ಟುಕೊಳ್ಳುತ್ತದೆ. ಮಧ್ಯೆ ಕರೆಂಟು ಹೋದರೂ ನಕ್ಷೆ ನೋಡಿ ಮುಂದುವರಿಸಬಹುದು. ಮೂಲ ಡಿಸ್ಕ್ ಯಾವುದು, ಹೊಸದು ಯಾವುದು ಅಂತ ಅದಲುಬದಲು ಮಾಡಿದರೆ ಎಲ್ಲ ಹೋಯಿತು, ಹಾಗಾಗಿ ಲಿನಕ್ಸ್ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಿಮ್ಮ ತೊಂದರೆ ಬೇರೆ ಹಂತದಲ್ಲಿದ್ದಿದ್ದರೆ ಉತ್ತರವೂ ಬೇರೆ ಆಗುತ್ತಿತ್ತು. ಓದುವ ಬೇರೆಯವರಿಗಾಗಿ ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೋರ್ಡ್ ಕಂಪನಿಯ ಗುರುತಿನಲ್ಲೇ ನಿಂತು, ಡಿಲೀಟ್ ಅಥವಾ ಎಫ್2 ಒತ್ತಿದರೂ ಬಯಾಸ್ ತೆರೆಯದಿದ್ದರೆ ವಿಂಡೋಸನ್ನು ಬೈಯಬೇಡಿ, ಅದಿನ್ನೂ ಬಂದೇ ಇಲ್ಲ. ಯುಎಸ್‌ಬಿ ಎಲ್ಲ ಕಿತ್ತು ನೋಡಿ, ಆಮೇಲೆ ಡಿಸ್ಕ್ ಕೇಬಲ್, ಆಮೇಲೆ ರ‍್ಯಾಮನ್ನು ಒಂದೊಂದಾಗಿ ತೆಗೆದು ನೋಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಮಂಕಾಗುವುದು ಮಾಮೂಲು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಒರೆಸಿ ಹಾಕಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆನ್ ಮಾಡಿದಾಗಲೆಲ್ಲ ಗಡಿಯಾರ ಹಳೆಯ ತಾರೀಖಿಗೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ ಸಿಆರ್ 2032 ಸೆಲ್ ಮುಗಿದಿದೆ. ಅದರ ಜೊತೆ ಬಯಾಸ್ ಸೆಟಿಂಗುಗಳೂ ಅಳಿಸಿಹೋಗಿ, ಡಿಸ್ಕ್ ಜೊತೆ ಮಾತಾಡುವ ಬಗೆ ಬದಲಾಗಿ, ವಿಂಡೋಸ್ ಮೇಲೇಳದೆ ಇರಬಹುದು.

ಚುಕ್ಕೆ ತಿರುಗುವಲ್ಲೇ ನಿಂತು, ಡಿಸ್ಕ್ ಮಾತ್ರ ಆರೋಗ್ಯವಾಗಿದ್ದರೆ ಸೇಫ್ ಮೋಡ್ ನೋಡಬೇಕು. ಅಲ್ಲಿ ವಿಂಡೋಸ್ ತನಗೆ ಅಗತ್ಯವಾದ ಡ್ರೈವರ್‌ಗಳನ್ನಷ್ಟೇ ಎಬ್ಬಿಸುತ್ತದೆ. ಸೇಫ್ ಮೋಡಿನಲ್ಲಿ ಸಲೀಸಾಗಿ ಬಂದು ಮಾಮೂಲಿಯಾಗಿ ಬಾರದಿದ್ದರೆ ಹೊರಗಿನಿಂದ ಬಂದ ಡ್ರೈವರ್ ಅಥವಾ ಆಂಟಿವೈರಸ್ ಕಡೆ ನೋಡಿ. 2024ರ ಜುಲೈ 19ರಂದು ವಿಮಾನ ನಿಲ್ದಾಣ, ಆಸ್ಪತ್ರೆಗಳಲ್ಲೆಲ್ಲ ನೀಲಿ ಪರದೆ ಬಂತಲ್ಲ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು? ಅದು ಇದೇ ಜಾತಿಯದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ತಪ್ಪು ಅಪ್‌ಡೇಟ್ ಒಂದನ್ನು ಅದರ ಡ್ರೈವರ್ ಓದಿ ಬೀಳುತ್ತಿತ್ತು. ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲು ಅಳಿಸಿದರೆ ಯಂತ್ರ ಎದ್ದು ಕೂರುತ್ತಿತ್ತು. ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು: ಬಯಾಸಿನಲ್ಲಿ ಏನಾದರೂ ಬದಲಾಯಿಸುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ಅಂತ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದು ಕೈಯಲ್ಲಿರಲಿ.

ನಿಮ್ಮ ವಿಷಯಕ್ಕೆ ಹಿಂತಿರುಗೋಣ. ಡಿಸ್ಕೇ ಕಾರಣ ಅಂತ ಖಾತ್ರಿಯಾದರೆ ಅದೇ ತರಹದ ಹಾರ್ಡ್ ಡಿಸ್ಕ್ ಮತ್ತೆ ಹಾಕಿಸಬೇಡಿ. ವಿಂಡೋಸ್ ಇರುವುದಕ್ಕೆ ತಿರುಗುವ ತಟ್ಟೆ ಇಲ್ಲದ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ನಿಮ್ಮ ಬೋರ್ಡಿನ ಅದೇ ಕೇಬಲ್ ಅದಕ್ಕೂ ಆಗುತ್ತದೆ. ‘ಸ್ವಲ್ಪ ನಿಧಾನ’ ಅಂದಿರಲ್ಲ, ಅದೂ ಹೋಗುತ್ತದೆ. ಹಳೆಯ ಡಿಸ್ಕನ್ನು ಇದ್ದ ಹಾಗೇ ಕ್ಲೋನ್ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಓದಲು ಬಾರದ ಜಾಗಗಳಲ್ಲಿದ್ದ ಫೈಲುಗಳು ಹೊಸದಕ್ಕೂ ಹಾಳಾದ ಸ್ಥಿತಿಯಲ್ಲೇ ಬರುತ್ತವೆ. ಹೊಸದಾಗಿ ವಿಂಡೋಸ್ ಹಾಕಿಸಿ, ಕಾಪಿ ಮಾಡಿಟ್ಟ ಫೈಲುಗಳನ್ನು ತಂದುಕೊಳ್ಳಿ. ಡಿಜಿಟಲ್ ಲೈಸೆನ್ಸ್ ಇದ್ದರೆ ಅದು ಅಂಟಿಕೊಂಡಿರುವುದು ಮುಖ್ಯವಾಗಿ ಮದರ್‌ಬೋರ್ಡಿಗೆ. ಡಿಸ್ಕ್ ಬದಲಾದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ, ಬೋರ್ಡ್ ಬದಲಾದರೆ ತಕರಾರು ತೆಗೆಯಬಹುದು. ಬೋರ್ಡಿಗೆ ಕೈ ಹಾಕಬೇಡಿ ಅನ್ನಲು ನನಗೆ ಇದೂ ಒಂದು ಕಾರಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದೆ. ಹೇಗೂ ಹೊಸದಾಗಿ ಹಾಕಿಸುವಾಗ ನಿಮ್ಮ ಪ್ರೊಸೆಸರ್ ಇಂಟೆಲ್ ಎಂಟನೇ ತಲೆಮಾರಿನದೋ ನಂತರದ್ದೋ ನೋಡಿ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇದೆಯಾ ನೋಡಿ. ಎರಡೂ ಇದ್ದರೆ ವಿಂಡೋಸ್ 11 ಹಾಕಿಸಬಹುದು.

ತೆಗೆದ ಹಳೆಯ ಡಿಸ್ಕನ್ನು ‘ಬ್ಯಾಕಪ್‌ಗೆ ಇರಲಿ’ ಅಂತ ಇಟ್ಟುಕೊಳ್ಳಬೇಡಿ. ಎಕ್ಸ್‌ಚೇಂಜಿಗೂ ಕೊಡಬೇಡಿ. ನಿಮ್ಮದು ಜೆರಾಕ್ಸ್ ಅಂಗಡಿ, ಅದರೊಳಗೆ ಊರಿನವರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನುಗಳಿವೆ. ಫಾರ್ಮ್ಯಾಟ್ ಮಾಡಿದ ಮೇಲೂ ಅವುಗಳಲ್ಲಿ ಎಷ್ಟೋ ವಾಪಸ್ ತೆಗೆಯಬಹುದು. ಹೊಸದರಲ್ಲಿ ಎಲ್ಲ ಸರಿಯಿದೆ ಅಂತ ಒಂದು ತಿಂಗಳು ನೋಡಿ. ಆಮೇಲೆ ಬಡಗಿಯ ಹತ್ತಿರ ಒಯ್ದು ಆ ತಟ್ಟೆಗಳ ಮೂಲಕ ಡ್ರಿಲ್ಲಿನಲ್ಲಿ ನಾಲ್ಕೈದು ತೂತು ಹಾಕಿಸಿ. ಒಳಗಿನ ತಟ್ಟೆ ಕೆಲವು ಡಿಸ್ಕುಗಳಲ್ಲಿ ಗಾಜಿನದಿರುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಹೇಳಿ.